ಐವತ್ತಾರಕ್ಕೆ ಐದು ಕಡಿಮೆ

ನಮ್ಮ ಮನೆಯ ಚೆನ್ನೆಮಣೆಯಲ್ಲಿ 14 ಗುಳಿಗಳು. ಆಚೆ ಬದಿಗೆ ಏಳು, ಈಚೆ ಬದಿಗೆ ಏಳು. ಗುಳಿಗೆ ನಾಲ್ಕರಂತೆ 56 ಕಾಳು. ಶಾಲೆಯ ಮಗ್ಗಿಗಿಂತ ಮೊದಲೇ ಈ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಕಾರಣ ಅಜ್ಜಿ. ಆಟ ಮುಗಿದ ಮೇಲೆ ಕಾಳುಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಗೆ ತುಂಬುವಾಗ ಅವರು ಒಂದೊಂದಾಗಿ ಎಣಿಸುತ್ತಿದ್ದರು. ಒಂದು ಕಡಿಮೆ ಬಿದ್ದರೂ ಚಾಪೆ ಕೊಡವಬೇಕು, ಕಿಸೆ ಮಗುಚಬೇಕು. ಹಿಂದೊಮ್ಮೆ ಮೂಗಿಗೆ ಕಾಳು ಏರಿಸಿಕೊಂಡ ದಾಖಲೆಯಿದ್ದ ನನ್ನ ತಮ್ಮ ತಲೆಯನ್ನು ಹಿಂದಕ್ಕೆ ಬಾಗಿಸಿ ಲಾಟೀನಿನ ಎದುರು ನಿಲ್ಲಬೇಕು.

ಚೆನ್ನೆಮಣೆ ನಮ್ಮಲ್ಲಿ ಆಟಿ ತಿಂಗಳ ಆಟ. ಹೊರಗೆ ಕಾಲಿಡಲು ಬಿಡದ ಮಳೆ, ಒಳಗೆ ಕೆಲಸವಿಲ್ಲದ ಕೈಗಳು. ಹಳೆ ಮೈಸೂರಿನ ಕಡೆಯವರು ಇದನ್ನೇ ಅಳಗುಳಿಮಣೆ ಎನ್ನುತ್ತಾರೆ, ಹುಣಸೆ ಬೀಜದಲ್ಲಿಯೂ ಆಡಿ ಮುಗಿಸುತ್ತಾರೆ. ದಕ್ಷಿಣ ಕನ್ನಡದವರಾದ ನಮಗೆ ಮಂಜೊಟ್ಟಿಯೇ ಆಗಬೇಕು. ಪುಸ್ತಕಗಳಲ್ಲಿ ಇದಕ್ಕೆ ಆನೆಗುಲಗಂಜಿ ಎಂಬ ಹೆಸರಿದೆ. ಅದರಿಂದಾಗಿ ಹಲವರು ಇದನ್ನು ಗುಲಗಂಜಿಯೊಡನೆ ಕಲಸಿಬಿಡುತ್ತಾರೆ. ಗುಲಗಂಜಿ ಬಳ್ಳಿಯದು, ತಲೆಗೆ ಕಪ್ಪು ಟೊಪ್ಪಿ, ಹೊಟ್ಟೆಯಲ್ಲಿ ಕಡುವಿಷ, ಮಕ್ಕಳ ಕೈಗೆ ಕೊಡುವ ವಸ್ತುವೇ ಅಲ್ಲ. ಮಂಜೊಟ್ಟಿ ದೊಡ್ಡ ಮರದ ಬೀಜ. ಅಪ್ಪಟ ಕೆಂಪು, ಒಂದು ಚುಕ್ಕೆಯೂ ಇಲ್ಲ. ನಡುವೆ ಉಬ್ಬಿ ಅಂಚಿಗೆ ತೆಳುವಾಗುವ ಆಕಾರ. ಮರದ ಕೆಳಗೆ ಬಿದ್ದಿದ್ದನ್ನು ಆರಿಸಿಕೊಂಡರೆ ಆಯಿತು. ಒರೆಸುವುದೂ ಬೇಡ, ಬಣ್ಣ ಬಳಿಯುವುದೂ ಬೇಡ.

ಅಜ್ಜಿಯ ಮನೆ ಪಾಲಾದಾಗ ಸೋದರಮಾವಂದಿರು ಅಡಕೆ ತೋಟವನ್ನು ಹಂಚಿಕೊಂಡರು. ನನ್ನ ಅಮ್ಮ ಚೆನ್ನೆಮಣೆಯನ್ನೂ ತಗಡಿನ ಡಬ್ಬಿಯನ್ನೂ ತಂದರು. ಕಾಳು ಉದುರಿಸುತ್ತಿದ್ದ ಮರ ಅಷ್ಟರಲ್ಲಾಗಲೇ ಇರಲಿಲ್ಲ. ಗೇಟಿನ ಪಕ್ಕದಲ್ಲಿದ್ದ ಅದನ್ನು ರಸ್ತೆ ಅಗಲ ಮಾಡುವಾಗ ಕಡಿದಿದ್ದರು, ನಾನಾಗ ಹೈಸ್ಕೂಲಿನಲ್ಲಿದ್ದೆ. ಅಂದರೆ ನಮ್ಮ ಡಬ್ಬಿಯ ಕಾಳುಗಳಿಗೆ ಏನಿಲ್ಲವೆಂದರೂ 45 ವರ್ಷ ವಯಸ್ಸು. ಈ 45 ವರ್ಷಗಳಲ್ಲಿ ನನ್ನ ತಲೆಗೂದಲು ಉದುರಿತು, ಹಲಸಿನ ಮರದ ಮಣೆಯ ಅಂಚು ಸವೆಯಿತು, ಬಿಸ್ಕತ್ತಿನ ಡಬ್ಬಿಯ ಮೇಲಿದ್ದ ದೊರೆಸಾನಿಯ ಮುಖಕ್ಕೆ ತುಕ್ಕು ಹಿಡಿಯಿತು. ಕಾಳುಗಳಿಗೆ ಮಾತ್ರ ಏನೂ ಆಗಿಲ್ಲ.

ಬ್ಯಾಂಕಿನಿಂದ ನಿವೃತ್ತನಾದ ವರ್ಷ, ಬೆಂಗಳೂರಿನ ಮನೆಯಲ್ಲಿ, ಅಮ್ಮನ ಎದುರು ಕುಳಿತು ಸೋಲುತ್ತಿದ್ದಾಗ ನನಗೊಂದು ವಿಚಾರ ಹೊಳೆಯಿತು. ಚೆನ್ನೆ ಆಡುವುದೆಂದರೆ ಒಂದು ಗುಳಿಯ ಕಾಳುಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು. ಬಿತ್ತುವುದೂ ಅದೇ ತಾನೆ? ಮೂರು ತಲೆಮಾರಿನವರು ಈ ಬೀಜಗಳನ್ನು ಸಾವಿರಾರು ಸಲ ಬಿತ್ತಿದ್ದಾರೆ, ಆದರೆ ಮರದ ಗುಳಿಯಲ್ಲಿ. ಒಮ್ಮೆ ಮಣ್ಣಿನಲ್ಲಿ ಬಿತ್ತಿದರೆ ಏನಾದೀತು?

“ಸತ್ತು ಎಷ್ಟು ಕಾಲವಾಯಿತೋ ಅವು,” ಎಂದಳು ಹೆಂಡತಿ.

“ಎಣಿಸಿ ತೆಗೆದುಕೋ, ಎಣಿಸಿ ವಾಪಸು ಇಡು,” ಎಂದರು ಅಮ್ಮ.

ಮೂರು ಕಾಳು ತೆಗೆದುಕೊಂಡೆ. ಕೆಮ್ಮಣ್ಣು, ಮರಳು, ಸಗಣಿ ಗೊಬ್ಬರ ಸಮನಾಗಿ ಬೆರೆಸಿದ ಕುಂಡ. ಬೆಳಿಗ್ಗೆ ನೀರು, ಸಂಜೆ ನೀರು. ಮೊದಲ ವಾರ ಉತ್ಸಾಹ, ಎರಡನೆಯ ವಾರ ತಾಳ್ಮೆ. ಆಮೇಲೆ ಬರೀ ಹಟ. ತಿಂಗಳು ಕಳೆಯುವಷ್ಟರಲ್ಲಿ ಕುಂಡದಲ್ಲಿ ಎರಡು ಬಗೆಯ ಕಳೆಯೂ ಎಲ್ಲಿಂದಲೋ ಬಂದ ಒಂದು ಟೊಮೆಟೊ ಸಸಿಯೂ ಹುಟ್ಟಿದ್ದವು, ಮಂಜೊಟ್ಟಿ ಇಲ್ಲ. ಎರಡು ತಿಂಗಳಾದ ಮೇಲೆ ಮಣ್ಣು ಕೆದಕಿದೆ. ಮೂರೂ ಕಾಳು ಹಾಕಿದಲ್ಲೇ ಇದ್ದವು. ತೊಳೆದರೆ ಹೊಸ ಪಾಲಿಶ್ ಮಾಡಿದ ಹಾಗೆ ಹೊಳೆದವು. ಮದುವೆ ಮನೆಗೆ ಹೋಗಿ, ಪಂಕ್ತಿಯಲ್ಲಿ ಕುಳಿತು, ಒಂದಗುಳನ್ನೂ ಮುಟ್ಟದೆ ಎದ್ದು ಬಂದ ಬೀಗರಂತೆ ಅವು ಮತ್ತೆ ಡಬ್ಬಿ ಸೇರಿದವು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂಬ ಮಾತನ್ನು ನಾನು ಇಷ್ಟು ದಿನ ಮನುಷ್ಯರಿಗೆ ಮಾತ್ರ ಬಳಸುತ್ತಿದ್ದೆ.

ಸೋತವನು ಓದುತ್ತಾನೆ. ನಾನೂ ಓದಿದೆ. ಎಲ್ಲ ಬೀಜಗಳೂ ನೀರಿಗಾಗಿ ಬಾಯಿ ತೆರೆದುಕೊಂಡು ಕುಳಿತಿರುತ್ತವೆ ಎಂಬುದು ನನ್ನ ತಪ್ಪು ತಿಳಿವಳಿಕೆಯಾಗಿತ್ತು. ಹಲಸಿನ ಬೀಜ ಹಾಗೆ. ಹಣ್ಣಿನಿಂದ ತೆಗೆದ ಕೂಡಲೇ ಊರಬೇಕು, ಒಣಗಿತೆಂದರೆ ಸತ್ತಿತು. ಬೇವಿನ ಬೀಜಕ್ಕೂ ಕೆಲವು ವಾರಗಳ ಆಯುಸ್ಸು. ಆದರೆ ಅವರೆ ಕುಟುಂಬದ ಮರಗಳಲ್ಲಿ ಹೆಚ್ಚಿನವು ಬೇರೆ ದಾರಿ ಹಿಡಿದಿವೆ. ಗುಲ್‌ಮೊಹರ್, ಕಕ್ಕೆ, ಮಳೆಮರ, ಬಾಗೆ, ನಮ್ಮ ಮಂಜೊಟ್ಟಿ ಎಲ್ಲವೂ ಈ ಪಂಗಡದವೇ. ಇವುಗಳ ಬೀಜದ ಸಿಪ್ಪೆಯಲ್ಲಿ ಉದ್ದುದ್ದನೆಯ ಜೀವಕೋಶಗಳು ಕೋಟೆಯ ಮರದ ಕಂಬಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಆ ಸಾಲನ್ನು ದಾಟಿ ಒಂದು ಹನಿ ನೀರೂ ಒಳಗೆ ಹೋಗದು. ಒಳಗಿನ ಮೊಳಕೆಗೆ ಹೊರಗೆ ಮಳೆಗಾಲ ಬಂದಿದೆಯೆಂಬ ಸುದ್ದಿಯೇ ತಲುಪುವುದಿಲ್ಲ.

ಇನ್ನೂ ಒಂದು ಸ್ವಾರಸ್ಯವಿದೆ. ಬೀಜ ತನ್ನ ಕಾಯಿಗೆ ಅಂಟಿಕೊಂಡಿದ್ದ ಕಡೆ ಹೊಕ್ಕುಳಿನಂಥ ಗುರುತು ಉಳಿದಿರುತ್ತದೆ. ಈ ಕುಟುಂಬದ ಕೆಲವು ಬೀಜಗಳಲ್ಲಿ ಅದೊಂದು ಒಮ್ಮುಖದ ಬಾಗಿಲು. ಗಾಳಿ ಒಣಗಿದ್ದಾಗ ತೆರೆದುಕೊಂಡು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಗಾಳಿಯಲ್ಲಿ ತೇವವಿದ್ದಾಗ ಮುಚ್ಚಿಕೊಳ್ಳುತ್ತದೆ. ಕೊಡುವುದಕ್ಕೆ ತೆರೆದು ತೆಗೆದುಕೊಳ್ಳುವುದಕ್ಕೆ ಮುಚ್ಚುವ ಬಾಗಿಲು! 36 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನಾಗಿ ಹೇಳುತ್ತೇನೆ, ಅದಕ್ಕೆ ತದ್ವಿರುದ್ಧವಾದ ಬಾಗಿಲನ್ನೇ ನಾನು ಜೀವಮಾನವಿಡೀ ಕಾದದ್ದು.

ಅಕ್ಕಸಾಲಿಗರ ಲೆಕ್ಕವೂ ಆಗ ಅರ್ಥವಾಯಿತು. ಹಿಂದೆ ಚಿನ್ನ ತೂಗುವುದಕ್ಕೆ ಗುಲಗಂಜಿ, ಮಂಜೊಟ್ಟಿಗಳೇ ಬೊಟ್ಟುಗಳು. ಒಂದು ಮಂಜೊಟ್ಟಿಗೆ ಎರಡು ಗುಲಗಂಜಿ. ಕಾಳಿನಿಂದ ಕಾಳಿಗೆ ಒಂದಿಷ್ಟು ಹೆಚ್ಚುಕಡಿಮೆ ಇದ್ದರೂ, ಆರಿಸಿಟ್ಟುಕೊಂಡ ಒಂದು ಕಾಳು ಬೇಸಿಗೆಯಲ್ಲಿ ಎಷ್ಟೋ ಮಳೆಗಾಲದಲ್ಲೂ ಅಷ್ಟೇ. ನೀರು ಕುಡಿಯದ ವಸ್ತು ತೂಕದಲ್ಲಿ ಮೋಸ ಮಾಡುವುದಿಲ್ಲ. ನಾಲ್ಕು ಮಂಜೊಟ್ಟಿ ಹೆಚ್ಚುಕಡಿಮೆ ಒಂದು ಗ್ರಾಂ ಎನ್ನುತ್ತಾರೆ. ಅಂದರೆ ಚೆನ್ನೆಮಣೆಯ ಒಂದೊಂದು ಗುಳಿಗೆ ಒಂದೊಂದು ಗ್ರಾಂ. ಡಬ್ಬಿಯನ್ನು ಅಡುಗೆ ಮನೆಯ ತಕ್ಕಡಿಗೆ ಬೋರಲು ಹಾಕಿ ನೋಡಿದೆ: 14 ತೋರಿಸಿತು. ಈ ಸಂಶೋಧನೆಯನ್ನು ಮನೆಯಲ್ಲಿ ಪ್ರಕಟಿಸಿದಾಗ ಸಿಕ್ಕ ಪ್ರತಿಕ್ರಿಯೆಯೆಂದರೆ, ತಕ್ಕಡಿಯನ್ನು ತೊಳೆದಿಡಬೇಕು ಎಂಬುದು.

ಆದರೆ ಅಷ್ಟು ಗಟ್ಟಿಯಾಗಿ ಮುಚ್ಚಿಕೊಂಡದ್ದರ ಒಳಗೆ ಜೀವ ಇರುತ್ತದೆಯೇ? ಅದಕ್ಕೆ ಉತ್ತರ ಲಂಡನ್ನಿನಲ್ಲಿದೆ. 1793ರಲ್ಲಿ ಚೀನಾಕ್ಕೆ ಹೋಗಿದ್ದ ಬ್ರಿಟಿಷ್ ನಿಯೋಗದವರು ಅಲ್ಲಿಂದ ರೇಷ್ಮೆ ಮರ ಎಂದು ಕರೆಯುವ ಒಂದು ಹೂಮರದ ಬೀಜ ತಂದಿದ್ದರು. ನಮ್ಮ ಬಾಗೆಯ ಹತ್ತಿರದ ಸಂಬಂಧಿ ಅದು, ಗುಲಾಬಿ ಬಣ್ಣದ ಪುಚ್ಚದಂಥ ಹೂವು. ಒಣಗಿಸಿದ ಗಿಡಗಳ ಜೊತೆ ಆ ಬೀಜಗಳೂ ವಸ್ತುಸಂಗ್ರಹಾಲಯ ಸೇರಿದವು. 1940ರಲ್ಲಿ ಜರ್ಮನ್ ವಿಮಾನಗಳು ಹಾಕಿದ ಬಾಂಬಿನಿಂದ ಕಟ್ಟಡಕ್ಕೆ ಬೆಂಕಿ ಬಿತ್ತು, ಅಗ್ನಿಶಾಮಕದವರು ನೀರು ಹೊಡೆದರು. ಬೆಂಕಿಯ ಕಾವೂ ನೀರೂ ಒಟ್ಟಿಗೆ ಸಿಕ್ಕಿದ್ದೇ ತಡ, 147 ವರ್ಷ ಕಪಾಟಿನಲ್ಲಿ ಮಲಗಿದ್ದ ಬೀಜಗಳು ಮೊಳೆತುಬಿಟ್ಟವು. ಸುತ್ತಲೂ ಊರು ಉರಿಯುತ್ತಿದ್ದಾಗ ಇವುಗಳಿಗೆ ವಸಂತ. ಇದನ್ನು ಓದಿದ ದಿನ ಡಬ್ಬಿಯ ಮುಚ್ಚಳ ತೆಗೆದು ಕಾಳುಗಳನ್ನು ಸ್ವಲ್ಪ ಹೊತ್ತು ನೋಡಿದೆ. 45 ವರ್ಷ ಎಂದರೆ ಇವಿನ್ನೂ ಮಧ್ಯಾಹ್ನದ ನಿದ್ದೆಯಲ್ಲಿವೆ.

ಬೆಂಕಿ ಬೇಕು, ನೀರು ಬೇಕು. ಎರಡೂ ಅಡುಗೆ ಮನೆಯಲ್ಲಿಯೇ ಇವೆಯಲ್ಲ! ಈ ಸಲ ಎರಡು ಕಾಳುಗಳನ್ನು ಪುಟ್ಟ ಪಾತ್ರೆಗೆ ಹಾಕಿ ಕುದಿಯಲಿಟ್ಟೆ. ಎಷ್ಟು ಹೊತ್ತು ಎಂದು ಯೋಚಿಸುತ್ತಿರುವಾಗ ಫೋನು ಬಂತು. ಹಳೆಯ ಸಹೋದ್ಯೋಗಿ, ಪಿಂಚಣಿಯ ವಿಷಯ. ಪಿಂಚಣಿಯ ವಿಷಯ ಬೇಗ ಮುಗಿಯುವಂಥದ್ದಲ್ಲ. ವಾಪಸು ಬಂದಾಗ ಅಡುಗೆ ಮನೆಯಲ್ಲಿ ಹುರುಳಿ ಬೇಯಿಸಿದಂಥ ವಾಸನೆ. ಕಾಳುಗಳು ಉಬ್ಬಿದ್ದವು, ಮೆತ್ತಗಾಗಿದ್ದವು, ಬೆರಳಲ್ಲಿ ಒತ್ತಿದರೆ ಹಿಸುಕಿಹೋದವು.

54.

ಸೋತು ಹತ್ತಿರದ ಸಸ್ಯಕ್ಷೇತ್ರಕ್ಕೆ ಹೋದೆ. ಅಲ್ಲಿ ಪಾಲಿಥಿನ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದ ವಯಸ್ಸಾದ ಮಾಲಿ ನನ್ನ ಕಥೆಯನ್ನು ಪೂರ್ತಿ ಕೇಳಿ, ಕೈಯ ಮಣ್ಣು ಒರೆಸಿಕೊಂಡು ಹೇಳಿದರು: “ಒಲೆಯ ಮೇಲಿಟ್ಟು ಕುದಿಸಿದರೆ ಪಲ್ಯ ಸ್ವಾಮಿ. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿ, ಆಮೇಲೆ ಬೀಜ ಹಾಕಿದರೆ ಸಸಿ.” ಇಡೀ ವಿಜ್ಞಾನ ಇಷ್ಟೇ. ಇಳಿಸಿದ ಬಿಸಿನೀರಿನಲ್ಲಿ ಬೀಜ ಹಾಕಿ, ಹಾಗೆಯೇ ಆರಲು ಬಿಟ್ಟು, ಒಂದು ಹಗಲು ಒಂದು ರಾತ್ರಿ ನೆನೆಸಬೇಕು. ಸಿಪ್ಪೆಯಲ್ಲಿ ಹೊಕ್ಕುಳಿನ ಬಳಿ ಒಂದು ದುರ್ಬಲ ಜಾಗವಿರುತ್ತದೆ, ಕಾವು ತಗಲಿದಾಗ ಅದು ಬಿರಿಯುತ್ತದೆ; ನೀರು ಅಲ್ಲಿಂದ ನುಗ್ಗುತ್ತದೆ. ನೆನೆದು ಉಬ್ಬಿದವನ್ನು ಬಿತ್ತುವುದು, ಉಬ್ಬದೆ ಹಾಗೆಯೇ ಉಳಿದವಕ್ಕೆ ಇನ್ನೊಂದು ಸ್ನಾನ. ಗುಲ್‌ಮೊಹರ್ ಬೀಜಕ್ಕೆ ಇಷ್ಟು ಸಾಕಂತೆ. ಕಕ್ಕೆ ಇನ್ನೂ ಮೊಂಡು. ಸಾವಿರಗಟ್ಟಲೆ ಸಸಿ ಮಾಡುವ ಕಡೆ ಕಕ್ಕೆ ಬೀಜವನ್ನು ಗಂಧಕಾಮ್ಲದಲ್ಲಿ ಅದ್ದಿ ತೆಗೆಯುತ್ತಾರೆ. “ನಿಮಗೆ ಅದು ಬೇಡ,” ಎಂದರು ಮಾಲಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ. ಫೋನಿನಲ್ಲಿ ಪಿಂಚಣಿಯ ಮಾತು ಶುರುವಾದರೆ ಲೋಕ ಮರೆಯುವವನ ಕೈಗೆ ಆಮ್ಲ ಕೊಡಬಾರದೆಂಬುದು ಅವರ ಅಭಿಪ್ರಾಯವಾಗಿರಬೇಕು. ನನ್ನದೂ ಅದೇ.

ಕಾಡಿನಲ್ಲಿ ಕಕ್ಕೆಗೆ ಆಮ್ಲದ ಸ್ನಾನ ಮಾಡಿಸುವವರು ಯಾರು ಎಂದು ಕೇಳಿದರೆ ಉತ್ತರ, ಕರಡಿ. ಕಕ್ಕೆಯ ಕಾಯಿಯನ್ನು ನೀವು ನೋಡಿರುತ್ತೀರಿ. ಮೊಳಕ್ಕೂ ಉದ್ದದ ಕರಿಯ ಕೋಲು. ಒಣಗಿದ ಮೇಲೆ ಅಲ್ಲಾಡಿಸಿದರೆ ಗಿಲಕಿ. ಒಳಗೆ ನಾಣ್ಯ ಜೋಡಿಸಿಟ್ಟಂತೆ ಖಾನೆ ಖಾನೆ, ಒಂದೊಂದರಲ್ಲಿ ಒಂದು ಬೀಜ, ಸುತ್ತಲೂ ಅಂಟಂಟಾದ ಕಪ್ಪು ತಿರುಳು. ಕರಡಿ, ನರಿ, ಕೋತಿಗಳು ಆ ತಿರುಳಿಗಾಗಿ ಕಾಯಿ ತಿನ್ನುತ್ತವೆ. ಬೀಜ ಹೊಟ್ಟೆಯ ರಸದಲ್ಲಿ ನೆಂದು, ಸಿಪ್ಪೆ ಸವೆದು, ಗೊಬ್ಬರದ ಸಮೇತ ಎಲ್ಲೋ ದೂರದಲ್ಲಿ ಬೀಳುತ್ತದೆ. ಕಕ್ಕೆಯ ತಿರುಳು ಆಯುರ್ವೇದದಲ್ಲಿ ಹೆಸರಾಂತ ಭೇದಿ ಔಷಧ ಎಂಬುದನ್ನು ಇಲ್ಲಿ ನೆನೆಯಬೇಕು. ಬೀಜ ಹೊಟ್ಟೆಯಲ್ಲಿ ಎಷ್ಟು ಹೊತ್ತು ಇರಬೇಕೆಂಬುದನ್ನೂ ಮರ ತಾನೇ ನಿಶ್ಚಯಿಸಿಕೊಂಡಂತಿದೆ.

ಬೇಸಿಗೆಯಲ್ಲಿ ಚಿನ್ನದ ಜೂಲಿನಂತೆ ತೂಗುವ ಕಕ್ಕೆ ಹೂವನ್ನು ನೋಡುವಾಗ ಇದೆಲ್ಲ ನೆನಪಾಗುವುದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಬೆಂಗಳೂರಿನ ಬೀದಿಗಳಲ್ಲಂತೂ ಕರಡಿ ಇಲ್ಲ. ಜರ್ಮನಿಯಿಂದ ಬಂದ ಕ್ರುಂಬೀಗಲ್ 1908ರಿಂದ 1932ರವರೆಗೆ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದರು. ವರ್ಷದ ಯಾವ ತಿಂಗಳಿನಲ್ಲಿ ನೋಡಿದರೂ ಊರಿನ ಯಾವುದಾದರೊಂದು ಬೀದಿ ಹೂಬಿಟ್ಟಿರಬೇಕು ಎಂಬ ಲೆಕ್ಕದಲ್ಲಿ ಮರಗಳನ್ನು ಆರಿಸಿ ನೆಡಿಸಿದರು. ಅವರ ಹೆಸರಿನಲ್ಲಿ ರಸ್ತೆಯಿದೆ. ಇರಲಿ, ಇರಬೇಕಾದದ್ದೇ. ಆದರೆ ಆ ಬೀದಿಗಳ ಬೀಜಗಳಿಗೆ ನೀರು ಕಾಯಿಸಿ, ಒಲೆಯಿಂದ ಸರಿಯಾದ ಹೊತ್ತಿಗೆ ಇಳಿಸಿದ ಒಬ್ಬ ಮಾಲಿಯೂ ಇದ್ದಿರಬೇಕಲ್ಲ. ಆ ದಿನ ಅವನಿಗೆ ಯಾರ ಫೋನೂ ಬಂದಿರಲಾರದು.

ಗುಲ್‌ಮೊಹರಿನ ವಿಷಯದಲ್ಲಿ ನನ್ನ ಬಳಿ ಬಾಲ್ಯದ ಒಂದು ತಪ್ಪೊಪ್ಪಿಗೆಯಿದೆ. ಮಡಗಾಸ್ಕರಿನಿಂದ ಹೊರಟು ಲೋಕದ ಬಿಸಿಲುನಾಡುಗಳನ್ನೆಲ್ಲ ಕೆಂಪು ಮಾಡಿದ ಈ ಮರ ನಮ್ಮ ಶಾಲೆಯ ಅಂಗಳದಲ್ಲೂ ಇತ್ತು, ನಾವು ಅದನ್ನು ಕತ್ತಿಕಾಯಿ ಮರ ಎನ್ನುತ್ತಿದ್ದೆವು. ಒಣಗಿದ ಕಾಯಿಯೇ ಕತ್ತಿ. ಮಧ್ಯಾಹ್ನದ ಬುತ್ತಿ ಮುಗಿದೊಡನೆ ಯುದ್ಧ. ಕತ್ತಿ ಮುರಿದಾಗ ಬೀಜ ಚೆಲ್ಲುತ್ತಿತ್ತು, ನಾವು ಅದನ್ನು ತುಳಿದು, ಗೋಡೆಗೆ ಎಸೆದು, ಕಲ್ಲಿನಿಂದ ಜಜ್ಜಿ ಆಡುತ್ತಿದ್ದೆವು. ಜೂನ್ ತಿಂಗಳ ಮಳೆಗೆ ಗೋಡೆಯ ಬುಡದುದ್ದಕ್ಕೂ ಗುಲ್‌ಮೊಹರ್ ಸಸಿಗಳು ಏಳುತ್ತಿದ್ದವು. “ಮರಗಳನ್ನು ಹಾಳು ಮಾಡುವ ಕೋತಿಗಳೇ” ಎಂದು ಮೇಷ್ಟ್ರು ಬೆತ್ತ ಹಿಡಿಯುತ್ತಿದ್ದರು. ನಾವು ಮಾಡುತ್ತಿದ್ದದ್ದು ಬೀಜೋಪಚಾರ ಎಂದು ಅವರಿಗೆ ಹೇಳಲು ನನಗೆ ಈಗ ಮಾತು ಸಿಕ್ಕಿದೆ, ಅವರಿಲ್ಲ.

ನೀರಿನ ಮೇಲೆ ನಂಬಿಕೆ ಹೋಗಿದ್ದರಿಂದ ಮೂರನೆಯ ಪ್ರಯತ್ನಕ್ಕೆ ಉಜ್ಜುವ ದಾರಿ ಹಿಡಿದೆ. ಬಡಗಿಗಳು ಬಳಸುವ ಮರಳು ಕಾಗದ ತಂದು ಮೆಟ್ಟಿಲ ಮೇಲೆ ಕುಳಿತೆ. ಹೊಕ್ಕುಳಿರುವ ಕಡೆ ಉಜ್ಜಬಾರದು, ಬೇರಿನ ತುದಿ ಇರುವುದು ಅಲ್ಲಿಯೇ. ಅದಕ್ಕೆ ಎದುರಿನ ಅಂಚನ್ನು ಉಜ್ಜಬೇಕು. ಹೇಳುವುದು ಸುಲಭ, ನುಣುಪಾದ ಕಾಳು ಬೆರಳ ಸಂದಿನಿಂದ ಚಿಮ್ಮಿ ಚಪ್ಪಲಿ ಗೂಡಿನ ಕೆಳಗೆ ಹೋಗುತ್ತದೆ. ನಾಲ್ಕು ಸಲ ಹೋಯಿತು. ಮೊದಲ ಕಾಳಿಗೆ 20 ನಿಮಿಷ ಹಿಡಿಯಿತು, ಅಷ್ಟರಲ್ಲಿ ನನ್ನ ಹೆಬ್ಬೆರಳಿನ ತುದಿಗೆ ಬೀಜೋಪಚಾರ ಪೂರ್ತಿಯಾಗಿತ್ತು. ಕೆಂಪು ಸವೆದು ಕೆಳಗಿನ ಮಾಸಲು ಬಣ್ಣ ಚುಕ್ಕೆಯಂತೆ ಕಂಡ ಕೂಡಲೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಹೋದರೆ ತಿರುಳಿಗೇ ಗಾಯ.

ಮೂರನ್ನೂ ಲೋಟದ ನೀರಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಗುರುತು ಸಿಗಲಿಲ್ಲ. ಎರಡು ಪಟ್ಟು ದಪ್ಪ, ಹೊಳಪೆಲ್ಲ ಹೋಗಿ ಮಂಕು ಕೆಂಪು, ಲೋಳೆ ಲೋಳೆ. 45 ವರ್ಷ ಒಂದು ಹನಿ ಕುಡಿಯದವರು ಒಂದೇ ರಾತ್ರಿಯಲ್ಲಿ ಹೊಟ್ಟೆ ಬಿರಿಯುವಷ್ಟು ಕುಡಿದಿದ್ದರು. ಅಮ್ಮ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇನ್ನು ಇವು ಆಟಕ್ಕೆ ಬರುವುದಿಲ್ಲ,” ಎಂದರು.

51.

ಬಿತ್ತಿದ ಎಂಟನೆಯ ದಿನ ಮಣ್ಣಿನ ಮೇಲೆ ಒಂದು ಗೂನುಬೆನ್ನು ಕಾಣಿಸಿತು. ಮರುದಿನ ಅದು ನೆಟ್ಟಗಾಗಿ, ತಲೆಯ ಮೇಲೆ ಕೆಂಪು ಸಿಪ್ಪೆಯ ಚೂರನ್ನು ಹೊತ್ತುಕೊಂಡೇ ನಿಂತಿತು. ಆ ಚೂರನ್ನು ಉಗುರಿನಿಂದ ತೆಗೆದುಬಿಡೋಣವೇ ಎಂದು ಕೈ ತುರಿಸಿತು. ಹೆಬ್ಬೆರಳು ಇನ್ನೂ ಉರಿಯುತ್ತಿದ್ದುದರಿಂದ ಬಿಟ್ಟೆ. ಅದಾಗಿಯೇ ಬಿದ್ದಿತು. ಎರಡು ದಪ್ಪ ಬೀಜದೆಲೆ, ಅವುಗಳ ನಡುವಿನಿಂದ ಹುಣಸೆ ಚಿಗುರಿನ ಹಾಗೆ ಸಣ್ಣಸಣ್ಣ ಎಲೆ. ವಾರದೊಳಗೆ ಉಳಿದೆರಡೂ ಎದ್ದವು. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು ಎನ್ನುತ್ತಾರೆ. ನೋಡಿದ್ದು ನಾನೊಬ್ಬನೇ ಅಲ್ಲ: ಒಂದನ್ನು ಅಳಿಲು ಕಡಿದುಕೊಂಡು ಹೋಯಿತು. ಎರಡು ಉಳಿದವು.

ಎರಡನ್ನೂ ಬಣ್ಣದ ಬಕೆಟ್ಟುಗಳಿಗೆ ವರ್ಗ ಮಾಡಿದೆ. ವರ್ಷ ತುಂಬುವಾಗ ಒಂದು ನನ್ನ ಸೊಂಟಕ್ಕೆ ಬಂದಿತು, ಇನ್ನೊಂದು ಮೊಣಕಾಲಿಗೆ. ಅಲ್ಲಿಯವರೆಗೆ ಹೊಳೆಯದ ಒಂದು ವಿಷಯ ಆಗ ಹೊಳೆಯಿತು. ಇದು 50 ಅಡಿ ಎತ್ತರ ಹೋಗುವ ಮರ. ನಮ್ಮದು 30x40 ನಿವೇಶನ. ಅದರಲ್ಲಿ ಮನೆ, ಸಂಪು, ಕಾರು, ಪಕ್ಕದವರೊಡನೆ ಅರ್ಧ ಅಡಿಯ ತಕರಾರು ಎಲ್ಲ ಕಳೆದು ಉಳಿಯುವುದು ಒಂದು ತುಳಸಿಕಟ್ಟೆಯ ಜಾಗ. ಸಸಿ ಮಾಡುವವರಿಗೆಲ್ಲ ಈ ಗಂಡಾಂತರ ಒಮ್ಮೆ ಬರುತ್ತದೆ. ಬೀಜ ಕಿಸೆಯಲ್ಲಿ ಹಿಡಿಸುತ್ತದೆ, ಮರ ಹಿಡಿಸುವುದಿಲ್ಲ.

ಹೀಗಾಗಿ ಕಳೆದ ಜೂನ್ ತಿಂಗಳಿನಲ್ಲಿ ಎರಡು ಬಕೆಟ್ಟುಗಳೊಂದಿಗೆ ರಾತ್ರಿ ಬಸ್ಸು ಹತ್ತಿದೆ. ಕಾಲಿಡುವ ಜಾಗದಲ್ಲಿ ದೊಡ್ಡದು, ತೊಡೆಯ ಮೇಲೆ ಚಿಕ್ಕದು. ಶಿರಾಡಿ ಘಾಟಿಯ ತಿರುವುಗಳಲ್ಲಿ ಎಲೆಗಳು ಪಕ್ಕದ ಸೀಟಿನವರ ಮುಖ ಸವರುತ್ತಿದ್ದವು. ಅವರು ಎದ್ದು, ಏನು ಗಿಡ ಎಂದು ಕೇಳಿದರು. ಮಂಜೊಟ್ಟಿ ಎಂದೆ. “ಚೆನ್ನೆಮಣೆಯದ್ದೇ?” ಎಂದವರೇ ತಮ್ಮ ಅಜ್ಜಿಯ ಕಥೆ ಶುರುಮಾಡಿದರು, ನನಗೂ ನಿದ್ದೆಯಿಲ್ಲ, ಅವರಿಗೂ ಇಲ್ಲ. ಅವರ ಅಜ್ಜಿಯೂ ಎಣಿಸುತ್ತಿದ್ದರಂತೆ.

ಹಳೆ ಮರವಿದ್ದ ಜಾಗ ಈಗ ಡಾಂಬರಿನ ಕೆಳಗಿದೆ. ಅದರಿಂದ ನಾಲ್ಕು ಮಾರು ಒಳಗೆ, ಮಾವನ ಮಗನ ಒಪ್ಪಿಗೆ ಪಡೆದು, ಗೇಟಿನ ಆಚೆ ಒಂದು ಈಚೆ ಒಂದು ನೆಟ್ಟೆ. ದನ ಮುಟ್ಟದ ಹಾಗೆ ಬಿದಿರಿನ ಬೇಲಿ ಕಟ್ಟಿದೆ. ಅಂದು ಸಂಜೆಯೇ ಮಳೆ ಹಿಡಿಯಿತು.

ಆಟಿಯಲ್ಲಿ ಅಮ್ಮ ಅಟ್ಟದಿಂದ ಚೆನ್ನೆಮಣೆ ಇಳಿಸಲು ಹೇಳಿದರು. ನನ್ನ ಮಗಳ ಮಗಳಿಗೆ ಈ ವರ್ಷ ಆಟ ಕಲಿಸಬೇಕಂತೆ. 51 ಕಾಳು, ಜೊತೆಗೆ ಅಡುಗೆ ಮನೆಯಿಂದ ತೊಳೆದು ತಂದ ಐದು ಹುಣಸೆ ಬೀಜ. ಕೆಂಪಿನ ನಡುವೆ ಆ ಐದು ಕಂದು ಬೀಜ ಮದುವೆ ಚಪ್ಪರಕ್ಕೆ ಕಚೇರಿಯ ಬಟ್ಟೆಯಲ್ಲಿ ಬಂದವರಂತೆ ಕಾಣುತ್ತಿದ್ದವು. ಹುಡುಗಿ ಪ್ರತಿ ಸಲವೂ ಹುಣಸೆ ಬೀಜ ತನ್ನ ಗುಳಿಗೆ ಬಂದರೆ ಮುಖ ಸಿಂಡರಿಸುತ್ತಾಳೆ. “ತಾತ ಸಾಲ ಮಾಡಿದ್ದಾನೆ, ಅದಕ್ಕೇ ಇದು,” ಎಂದು ಅಮ್ಮ ಅವಳಿಗೆ ವಿವರಿಸಿದರು.

“ಸಾಲ ಯಾವಾಗ ತೀರುತ್ತದೆ?” ಎಂದು ಅವಳು ಕೇಳಿದಳು.

ಅಮ್ಮ ನನ್ನ ಕಡೆ ನೋಡಿದರು. ಮರ ಹೂ ಬಿಡಬೇಕು, ಕಾಯಿ ಕಟ್ಟಬೇಕು, ಕಾಯಿ ಒಣಗಿ ಸುರುಳಿಯಾಗಿ ಬಾಯಿ ಬಿಡಬೇಕು. ಕೆಲವು ವರ್ಷಗಳಾದರೂ ಬೇಕಾಗುತ್ತದೆ ಎಂದು ನಾನು ಹೇಳಿದೆ. ಅಮ್ಮನಿಗೆ ಈಗ 84.

“ಆಗಲಿ, ಕಾಯುತ್ತೇನೆ,” ಎಂದರು ಅಮ್ಮ. “ಎರಡು ಮರ ನೆಟ್ಟಿದ್ದೀಯಲ್ಲ, ಬಡ್ಡಿಯೂ ಸೇರಿಸಿ ಕೊಡು.” ಆಮೇಲೆ ತಮ್ಮ ಬದಿಯ ಮೂರನೆಯ ಗುಳಿಯಿಂದ ಕಾಳುಗಳನ್ನು ಎತ್ತಿ ಒಂದೊಂದಾಗಿ ಹಾಕುತ್ತ ಹೋದರು.